ನಡುಗಿದ ಸ್ವರ

ಸ್ವರ ನಡುಗಲಿಲ್ಲ. ಸಂಜೀವಕುಮಾರ ಮತ್ತೊಮ್ಮೆ ಗುಂಡಿ ಒತ್ತಿದ. ಹಳೆಯ ಹೋಮ್ ಕಂಪ್ಯೂಟರಿನ ಪುಟ್ಟ ಸ್ಪೀಕರು ಏಳೂ ಸ್ವರಗಳನ್ನು ನೆಟ್ಟಗೆ ನುಡಿದು ಸುಮ್ಮನಾಯಿತು. ಅವನಿಗೆ ಸಂತೋಷವಾಗಬೇಕಿತ್ತು. ಆದರೆ ಕುಳಿತಲ್ಲಿ ಕೂರಲಾಗಲಿಲ್ಲ.

"ಮುಂಜಾನಿಂದ ಅದನ್ನ ಬಾರಸಾಕತ್ತೀರಿ. ಏನಾತ್ರಿ?" ಅಡುಗೆಮನೆಯಿಂದ ಹೆಂಡತಿ ವಿಜಯಶ್ರೀ ಕೇಳಿದಳು.

"ತಪ್ಪು ಇಜಾಜಂದಲ್ಲ."

ಮದುವೆಯಾದಾಗಿನಿಂದ ಅವಳು ಆ ಹೆಸರನ್ನು ಅವನ ಬಾಯಲ್ಲಿ ಕೇಳಿರಲಿಲ್ಲ.

ನಲವತ್ತು ವರ್ಷದ ಹಿಂದೆ ಸಿಂದಗಿಯ ಕಾಲೇಜಿನಲ್ಲಿ ಅವನೂ ಇಜಾಜನೂ ಕೂಡಿ ಓದುತ್ತಿದ್ದಾಗ, ಇಜಾಜನ ಸೋದರಮಾವ ಕುವೈತಿನಿಂದ ಆ ಕಂಪ್ಯೂಟರ್ ತಂದುಕೊಟ್ಟಿದ್ದ. ಟಿವಿಗೆ ಜೋಡಿಸಿದರೆ ಸಾಕು. ಪರದೆಯ ಮೇಲೆ ಹಾರ್ಮೋನಿಯಂ ಮೂಡಿ ಸ್ವರ ನುಡಿಯುವ ಪ್ರೋಗ್ರಾಂ ಬರೆದು ಜಿಲ್ಲಾ ವಿಜ್ಞಾನ ಪ್ರದರ್ಶನಕ್ಕೆ ಒಯ್ದರು. ಅಲ್ಲಿ ಸ್ವರಗಳು ಚಳಿಜ್ವರ ಬಂದಂತೆ ನಡುಗಿದವು. ಜನ ನಕ್ಕರು. "ಸ್ವರದ ಲೆಕ್ಕ ಇವಂದರಿ, ತಪ್ಪು ಮಾಡ್ಯಾನ," ಎಂದು ಸಂಜೀವಕುಮಾರ ತೀರ್ಪುಗಾರರೆದುರೇ ಹೇಳಿ, ಫಲಕದ ಮೇಲಿದ್ದ ಇಜಾಜನ ಹೆಸರನ್ನು ಅಂಗೈಯಿಂದ ಒರೆಸಿಬಿಟ್ಟ. ಮರುವರ್ಷ ಇಜಾಜ ಕಾಲೇಜಿಗೆ ಬರಲಿಲ್ಲ.

ಈಗ ಪಾಲಿಟೆಕ್ನಿಕ್ಕಿನ ಕೆಲಸದಿಂದ ನಿವೃತ್ತನಾಗಿ, ಹೊತ್ತು ಹೋಗದೆ ಯಂತ್ರವನ್ನು ಅಟ್ಟದಿಂದ ಇಳಿಸಿ ರಿಪೇರಿ ಮಾಡುವಾಗ ಅವನಿಗೆ ಗೊತ್ತಾಗಿತ್ತು. ಮೆಮರಿಯ ಕೆಳಗಿನ ಭಾಗ ಲೆಕ್ಕ ನಡೆಸುವ ಪ್ರೊಸೆಸರಿಗೂ ಪರದೆಗೆ ಚಿತ್ರ ಕಳಿಸುವ ಚಿಪ್ಪಿಗೂ ಒಂದೇ. ಪರದೆ ಕಾಯುವುದಿಲ್ಲ. ಚಿತ್ರದ ಚಿಪ್ಪು ಓದುವಷ್ಟು ಹೊತ್ತು ಪ್ರೊಸೆಸರ್ ತಡೆದು ನಿಲ್ಲಬೇಕು, ಅಷ್ಟರಲ್ಲಿ ಅಳತೆ ಕೆಟ್ಟು ಸ್ವರ ನಡುಗುತ್ತದೆ. ಹಳೆಯ ನೋಟುಬುಕ್ಕಿನಿಂದ ಪ್ರೋಗ್ರಾಂ ಮತ್ತೆ ಟೈಪಿಸಿ, ಪ್ರೊಸೆಸರೊಂದೇ ಬಳಸುವ ಮೇಲಿನ ಭಾಗಕ್ಕೆ ಸರಿಸಿದ್ದ. ಇಜಾಜನ ಲೆಕ್ಕದಲ್ಲಿ ಒಂದು ಅಂಕಿಯನ್ನೂ ಮುಟ್ಟಬೇಕಾಗಲಿಲ್ಲ. ಅಂದು ಪ್ರೋಗ್ರಾಮನ್ನು ಕೆಳಗಿನ ಭಾಗದಲ್ಲಿಡು ಎಂದವನು ತಾನೇ.

ಉಣ್ಣದೆ ತಾಳಿಕೋಟೆಯ ಬಸ್ಸು ಹತ್ತಿದ. ಸೀಟಿದ್ದರೂ ದಾರಿಯುದ್ದಕ್ಕೂ ಬಾಗಿಲ ಬಳಿಯೇ ನಿಂತಿದ್ದ. ಎಂದೋ ಯಾರೋ ಹೇಳಿದ್ದಂತೆ, ಬಸ್ ಸ್ಟ್ಯಾಂಡಿನ ಹಿಂದೆ ಇಜಾಜನ ಮಿಕ್ಸರ್ ರಿಪೇರಿ ಅಂಗಡಿ. ಗಡ್ಡ ಬೆಳ್ಳಗಾಗಿತ್ತು, ಆದರೂ ಗುರುತು ಸಿಕ್ಕಿತು.

"ಲೆಕ್ಕ ಖರೇ ಇತ್ತು," ಎಂದ ಸಂಜೀವಕುಮಾರ, ಕುಶಲ ಕೂಡ ಕೇಳದೆ. "ಪ್ರೋಗ್ರಾಂ ಇಟ್ಟ ಜಾಗಾ ತಪ್ಪಿತ್ತು. ಆ ಜಾಗಾ ಹೇಳಿದಾಂವ ನಾ."

ಇಜಾಜ ಸ್ಕ್ರೂ ಬಿಚ್ಚುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತಿ. ಆ ವಾರದಾಗ ಗೊತ್ತಾತು. ಮ್ಯಾಲಿನ ಮೆಮರಿಗೆ ಹಾಕಿ ನೋಡಿದ್ನಿ."

"ಮತ್ತ ನನಗ ಹೇಳಲಿಲ್ಲ?"

"ಎರಡು ಸಲ ನಿಮ್ಮ ಮನಿಗೆ ಬಂದಿದ್ನಿ. ಒಳಗಿದ್ದು ಇಲ್ಲ ಅನಸಿದಿ. ಮೂರನೇ ಸಲ ಮಶೀನು, ಕ್ಯಾಸೆಟ್ಟು ಚೀಲದಾಗ ಹಾಕಿ ನಿಮ್ಮವ್ವನ ಕೈಯಾಗ ಕೊಟ್ಟು ಹೋದ್ನಿ. ತಿದ್ದಿದ್ದು ಕ್ಯಾಸೆಟ್ಟಿನಾಗ ತುಂಬಿದ್ನಿ. ಹಚ್ಚಿ ನೋಡಲಿಲ್ಲೇನು?"

ಇಜಾಜ ಸಿಟ್ಟಿಗೆ ಬಿಟ್ಟುಹೋಗಿದ್ದಾನೆಂದು ತಿಳಿದು ಸಂಜೀವಕುಮಾರ ಆ ಚೀಲವನ್ನು ಬಿಚ್ಚದೆ ಅಟ್ಟಕ್ಕೆ ಎಸೆದಿದ್ದ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿದೆಯೆಂದು ಹೋದ ತಿಂಗಳಷ್ಟೇ ಕಸಕ್ಕೆ ಹಾಕಿದ್ದ.

"ಇಲ್ಲ," ಎಂದ.

ಇಜಾಜ ತಲೆಯೆತ್ತಿ ಅವನನ್ನು ನೋಡಿದ. ಹೊರಗೆ ಮುದ್ದೇಬಿಹಾಳದ ಬಸ್ಸು ಹಾರ್ನ್ ಹಾಕುತ್ತ ಹೊರಟಿತು. ಇಜಾಜ ಮಿಕ್ಸರನ್ನು ಮಗುಚಿ, ಗಲ್ಲಾಪೆಟ್ಟಿಗೆಯ ಕೆಳಗಿಂದ ಟಾರ್ಚು ತೆಗೆದು ಮುಂದೆ ಚಾಚಿದ.

"ಇಷ್ಟು ಹಿಡಕೋ. ನನಗ ಒಳಗಿಂದು ಕಾಣವಲ್ದು."

ಸಂಜೀವಕುಮಾರ ಬಗ್ಗಿ ಹಿಡಿದ. ಬೆಳಕು ಬೇರೆ ಕಡೆ ಬೀಳುತ್ತಿತ್ತು. ಇಜಾಜ ಗ್ರೀಸಿನ ಕೈಯಿಂದಲೇ ಅವನ ಮಣಿಕಟ್ಟು ಹಿಡಿದು ಸ್ವಲ್ಪ ಎಡಕ್ಕೆ ತಿರುಗಿಸಿದ.