ಅಕ್ಕಿ ಡಬ್ಬಿಯೊಳಗೆ ಕೂಗುವ ಫೋನು

ಚಹಾದ ಮೇಲೆ ಕೆನೆ ಕಟ್ಟಿದೆ, ಯಾರೂ ಕುಡಿದಿಲ್ಲ, ಪರದೆಯ ಮೇಲೆ ನಾನು ಬರೆದ ಎಚ್ಚರಿಕೆ ಹಾಗೇ ನಿಂತಿದೆ, ಕಾರ್ಖಾನೆಯಿಂದ ವಿಷಾನಿಲ ಸೋರಿದೆ, ಕೆಳಗಿನ ಬೀದಿಯವರು ಕೂಡಲೇ ಮನೆ ಬಿಟ್ಟು ಗುಡ್ಡದ ಕಡೆ ಹೊರಡಿ — ಎಲ್ಲರ ಫೋನಿಗೂ ಕಳುಹಿಸುವ ಗುಂಡಿ ಮಾತ್ರ ಇನ್ನೂ ಬೂದು, ಸಾಹೇಬರು ಒಪ್ಪಿಗೆ ಕೊಡುವ ತನಕ ಅದು ಹಸಿರಾಗುವುದಿಲ್ಲ, ಅವರು ಒಪ್ಪಬೇಕು ನಾನು ಒತ್ತಬೇಕು, ಇಲ್ಲಿನ ಪದ್ಧತಿ ಅದು, ಮತ್ತು ಸಾಹೇಬರು ಗೋಡೆಗೆ ಮುಖ ಮಾಡಿ ಫೋನಿನಲ್ಲಿ ತಮ್ಮ ಮೇಲಿನವರಿಗೆ ಹೌದು ಸಾರ್ ಇಲ್ಲ ಸಾರ್ ಅನ್ನುತ್ತಿದ್ದಾರೆ. ನೋಡಮ್ಮ, ವಿಷ ಅನ್ನೋದು ತೆಗಿ, ಜನ ಗಾಬರಿ ಬೀಳ್ತಾರೆ. ತೆಗೆದೆ. ಸೋರಿದೆ ಬೇಡ, ಸೋರಿರೋ ಸಾಧ್ಯತೆ ಅಂತ ಹಾಕು. ಹಾಕಿದೆ, ಜನ ಗಾಬರಿ ಬೀಳಲಿ ಅಂತಲೇ ಅಲ್ಲವೇ ಈ ಕೋಣೆ ಕಟ್ಟಿಸಿ ನಮ್ಮನ್ನು ಕೂರಿಸಿದ್ದು, ಅಯ್ಯೋ, ಗಾಳಿ ಕೆಳಗಿನ ಬೀದಿಯ ಕಡೆಗೇ ಬೀಸುತ್ತಿದೆ, ಅಲ್ಲಿ ಟೈಲರಮ್ಮನ ಮನೆಯ ಮಹಡಿಯ ಮೇಲೆ ನನ್ನ ತಮ್ಮ ಮಲಗಿದ್ದಾನೆ.

ಬೇಕರಿಯಲ್ಲಿ ರಾತ್ರಿಯೆಲ್ಲ ಹಿಟ್ಟು ನಾದಿ ಬಂದು ಹಗಲು ಮಲಗುವವನು, ಅಮ್ಮ ಇದ್ದಾಗ ಕುಂಭಕರ್ಣ ಅನ್ನುತ್ತಿದ್ದಳು, ನೀರು ಚಿಮುಕಿಸಿದರೆ ಮಗ್ಗುಲು ಬದಲಿಸುತ್ತಿದ್ದ, ಅಷ್ಟೇ — ಬೀದಿಯ ಕಂಬದ ಮೇಲಿದ್ದ ಸೈರನ್ ಒಂದೇ ಅವನನ್ನು ಎಬ್ಬಿಸುತ್ತಿತ್ತು, ಅದನ್ನೂ ಬಿಚ್ಚಿಸಿದರು, ಇನ್ನು ಫೋನೇ ಸಾಕು ಎಂದರು, ವಾರಕ್ಕೊಮ್ಮೆ ಮಧ್ಯಾಹ್ನ ನಾವು ಪರೀಕ್ಷೆಯ ಸಂದೇಶ ಬಿಡುತ್ತೇವೆ, ಸೈಲೆಂಟಿನಲ್ಲಿಟ್ಟರೂ ಫೋನು ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತದೆ, ಅದೇ ಅದರ ಹೆಚ್ಚುಗಾರಿಕೆ. ಅಕ್ಕಾ, ನಿನ್ನ ಮೆಸೇಜಿಗಿಷ್ಟು ಬೆಂಕಿ ಹಾಕ, ಕಣ್ಣು ಹತ್ತೋ ಹೊತ್ತಿಗೇ ಅರಚುತ್ತೆ, ಅದಕ್ಕೇ ಅಕ್ಕಿ ಡಬ್ಬಿಲಿ ಹೂತಿಟ್ಟು ಮಲಗ್ತೀನಿ, ಏನೂ ಕೇಳಲ್ಲ ನೋಡು — ನನ್ನಿಂದಲೇ ಕರೆ ಮಾಡಿಸಿ ಮುಚ್ಚಳ ತೆಗೆದು ತೋರಿಸಿದ್ದ, ಅಕ್ಕಿಯ ಅಡಿಯಲ್ಲಿ ಮಸುಕು ಬೆಳಕು, ಮೇಲಿನ ಕಾಳುಗಳು ಸಣ್ಣಗೆ ನಡುಗುತ್ತಿದ್ದವು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಟೈಲರಮ್ಮನಿಗೆ ಒಂದು ಮಾತು ಹೇಳಿದರೆ ಸಾಕು, ಬಾಗಿಲು ಮುರಿದಾದರೂ ಎಬ್ಬಿಸುತ್ತಾಳೆ, ಆದರೆ ನನ್ನ ಫೋನು ಬಾಗಿಲ ಕಾವಲಿನವನ ಪೆಟ್ಟಿಗೆಯಲ್ಲಿದೆ, ಇಲ್ಲಿನ ಫೋನುಗಳು ಮೇಲಿನವರಿಗೆ ಬಿಟ್ಟು ಬೇರೆಲ್ಲಿಗೂ ಹೋಗುವುದಿಲ್ಲ, ಹಿಂದೆ ಯಾರೋ ತಮ್ಮವರಿಗೆ ಮೊದಲೇ ಹೇಳಿ ರಸ್ತೆಯೆಲ್ಲ ಕಟ್ಟಿಕೊಂಡಿತಂತೆ, ಎಚ್ಚರಿಕೆ ಹೋಗುವ ತನಕ ಯಾರಿಗೂ ಫೋನಿಲ್ಲ. ಎದ್ದು ಓಡಿದರೆ ಗುಂಡಿ ಒತ್ತುವವರಿಲ್ಲ, ಬೀದಿಗೆ ಬೀದಿಯೇ ಹೋಗುತ್ತದೆ, ಕೂತರೆ ಅವನನ್ನು ಎಬ್ಬಿಸುವವರಿಲ್ಲ, ಸೆಕೆ ಅಂತ ಕಿಟಕಿ ಬೇರೆ ತೆರೆದಿಟ್ಟಿರುತ್ತಾನೆ ದರಿದ್ರದವನು, ನನ್ನ ಬಂಗಾರ. ಸಾರ್, ನನ್ನ ತಮ್ಮ ಅಲ್ಲಿದಾನೆ. ಸಾಹೇಬರು ತಿರುಗಿ ನೋಡಿದರು, ಮುಖ ಬಿಳಿಚಿಕೊಂಡಿದೆ ಅವರದ್ದೂ. ಗೊತ್ತಾಗುತ್ತಮ್ಮ, ಮೇಲಿಂದ ಬರಲಿ, ನಾನಾಗಿ ಏನು ಮಾಡ್ಲಿ ಹೇಳು. ಏನೂ ಮಾಡಬೇಡಿ, ಹಾಗೇ ನಿಂತಿರಿ, ನಿಮ್ಮ ಕೈಕಾಲು ಬಿದ್ದುಹೋಗಲಿ — ಬಾಯಿ ಬಿಡಲಿಲ್ಲ ನಾನು, ಸಾಧ್ಯತೆ ಎಂಬುದರ ಮುಂದೆ ಅಲ್ಪ ಎಂದು ಸೇರಿಸಿದೆ, ಅವರು ಹೇಳಿದ ಹಾಗೆ.

ಹಸಿರಾಯಿತು, ಒತ್ತಿದೆ, ಮೇಜುಗಳನ್ನು ದಾಟಿ ಓಡಿದೆ, ಪೆಟ್ಟಿಗೆ ತೆಗಿಯೋ ಮಾರಾಯ, ಕಾವಲಿನವನ ಕೀಲಿ ಬೀಗಕ್ಕೆ ಕೂರುತ್ತಿಲ್ಲ, ಹತ್ತಾರು ಸಲ ಲೈನು ಬ್ಯುಸಿ, ಅಂತೂ ಟೈಲರಮ್ಮ ಫೋನಿಗೆ ಸಿಕ್ಕಳು, ಹಿಂದೆ ಮಕ್ಕಳ ಅಳು, ಕೆಮ್ಮು, ಬಸ್ಸಿನ ಸದ್ದು, ನಾವೆಲ್ಲ ಗುಡ್ಡದ ಹತ್ರ ಬಂದ್ವಮ್ಮ, ನಿನ್ನ ತಮ್ಮನಾ? ಹೊರಗೆ ಚಪ್ಪಲಿ ಇರಲಿಲ್ವಲ್ಲ, ಅವನು ಕೆಲಸದ ಮೇಲಿದಾನೆ ಅಂತ ನಾವು — ಚಪ್ಪಲಿ ಒಳಗಿಡುತ್ತಾನೆ ಟೈಲರಮ್ಮಾ, ಹೋದ ತಿಂಗಳು ಯಾರೋ ಕದ್ದರಲ್ಲ, ಅಂದಿನಿಂದ ಒಳಗೇ ಇಡುತ್ತಾನೆ.

ಗೋಡೆಯ ದೊಡ್ಡ ಪರದೆಯಲ್ಲಿ ಕೆಳಗಿನ ಬೀದಿ ಪೂರ್ತಿ ಹಸಿರಾಗಿದೆ, ಎಲ್ಲರಿಗೂ ತಲುಪಿದೆ ಎಂದು ಸಾಹೇಬರು ಉಸಿರು ಬಿಟ್ಟು ಕುರ್ಚಿಗೆ ಒರಗಿದರು, ಹೌದು, ತಲುಪಿದೆ, ಅವನಿಗೂ ತಲುಪಿದೆ, ಅವನ ನಂಬರ್ ಒತ್ತಿದ್ದೇನೆ, ರಿಂಗಾಗುತ್ತಿದೆ, ಎದ್ದೇಳೋ, ಒಂದು ಸಲ ಎದ್ದೇಳೋ, ಇನ್ನೊಮ್ಮೆ ಒತ್ತುತ್ತೇನೆ, ರಿಂಗಾಗುತ್ತಿದೆ, ಡಬ್ಬಿಯ ಮುಚ್ಚಳ ಮುಚ್ಚಿದೆ, ಅಕ್ಕಿಯ ಅಡಿಯಲ್ಲಿ ಬೆಳಕು, ಮೇಲಿನ ಕಾಳುಗಳು ಸಣ್ಣಗೆ ನಡುಗುತ್ತಿವೆ, ನಡುಗುತ್ತಿವೆ