ಡ್ರೈವರ್ ಕೈಗೆ ಕೊಟ್ಟ ಪತ್ರ

ಹಳೇ ನಾಯಕರ ಕೈಬರಹದ ಪತ್ರವೆಂದರೆ ನಿವೃತ್ತ ಗಣಿತ ಮೇಷ್ಟ್ರಿಗೆ ಪ್ರಾಣ. ಅದರಲ್ಲೂ ಜನ ‘ದೊಡ್ಡವರು’ ಎಂದೇ ಕರೆಯುತ್ತಿದ್ದ ಪ್ರಧಾನಿಯದು ಸಿಕ್ಕರೆ ಊಟವೂ ಬೇಡ. ಆ ಕಾಗೆಕಾಲು ಗುಬ್ಬಿಕಾಲು ಅಕ್ಷರವನ್ನು ಓದಬಲ್ಲವರು ಈಗ ಉಳಿದದ್ದೇ ಅವರೊಬ್ಬರು.

ಅದಕ್ಕೇ ಹೊಲಿಗೆ ಅಂಗಡಿಯ ಹೆಂಗಸು ಅವರನ್ನು ಕರೆಸಿದ್ದಳು. ಅವಳ ಅಪ್ಪ ದೊಡ್ಡವರ ಡ್ರೈವರ್. ಅಪ್ಪ ತೀರಿಕೊಂಡು ಒಂದು ತಿಂಗಳು.

“ಕಾರ್ಯದರ್ಶಿಗೆ ಕೊಡು ಅಂತ ಅಪ್ಪನ ಕೈಗೆ ಲಕೋಟೆ ಕೊಟ್ಟರಂತೆ. ಅದೇ ಸಾಯಂಕಾಲ ದೊಡ್ಡವರು ತೀರಿಕೊಂಡುಬಿಟ್ಟರು. ಅಪ್ಪ ಅದನ್ನ ಕೊಡ್ಲೂ ಇಲ್ಲ, ಒಡೀಲೂ ಇಲ್ಲ. ‘ಕೊಡುವಾಗ ನನ್ನ ಮುಖಾನೇ ನೋಡ್ತಿದ್ರು, ನನ್ನ ಬಗ್ಗೆ ಒಳ್ಳೇ ಮಾತು ಬರೆದಿರ್ತಾರೆ’ ಅಂತಿದ್ರು. ನಾನೇ ಒಡೆದೆ, ಒಂದಕ್ಷರ ತಿಳೀಲಿಲ್ಲ. ಓದಿ ಹೇಳಿ ಮೇಷ್ಟ್ರೇ. ಆಮೇಲೆ ಪತ್ರ ನಿಮ್ಮದೇ.”

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಕಣ್ಣಾಡಿಸಿದರು. ಬರೆದದ್ದು ಹೀಗಿತ್ತು: ‘ಇದನ್ನು ತಂದವನನ್ನು ನಾಳೆಯೇ ಕೆಲಸದಿಂದ ತೆಗೆಯಿರಿ. ಕಾರಿನಲ್ಲಿ ಆಡಿದ ಮಾತು ವಿರೋಧಿಗಳಿಗೆ ಮುಟ್ಟುತ್ತಿದೆ.’

ಏನು ಹೇಳಿದರೂ ನಂಬುತ್ತಾಳೆ. ಪತ್ರ ಜೇಬಿಗಿಳಿಯುತ್ತದೆ.

“ನಮ್ಮ ಡ್ರೈವರ್ ಬಹಳ ನಂಬಿಗಸ್ತ...” ಎಂದು ಶುರುಮಾಡಿದರು. ಅಷ್ಟಕ್ಕೇ ನಿಲ್ಲಿಸಿ ಹಣೆ ಒರೆಸಿಕೊಂಡರು.

ಅವಳು ಹೊಲಿಗೆ ಯಂತ್ರದ ಚಕ್ರವನ್ನು ಅಂಗೈಯಿಂದ ಒತ್ತಿಹಿಡಿದು ಅವರನ್ನೇ ನೋಡುತ್ತಿದ್ದಳು. “ಯಾಕೆ ಮೇಷ್ಟ್ರೇ? ಬೆವರ್ತಾ ಇದ್ದೀರಿ.”

ಇನ್ನು ತಡೆಯಲಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಓದಿಬಿಟ್ಟರು.

ಅವಳು ಚಕ್ರ ಬಿಟ್ಟು ಎದ್ದಳು. “ನಮ್ಮಪ್ಪ ಅಂಥವರಾ?”

“ಅದು ನನಗೆ ಗೊತ್ತಿಲ್ಲಮ್ಮಾ. ಆದರೆ ಕೊನೆಕೊನೆಗೆ ದೊಡ್ಡವರಿಗೆ ಕಂಡಕಂಡವರ ಮೇಲೆಲ್ಲ ಅನುಮಾನ. ಅಡುಗೆಯವನ ಮೇಲೆ, ಸ್ವಂತ ತಮ್ಮನ ಮೇಲೆ ಹೀಗೇ ಬರೆದದ್ದು ನನ್ನ ಹತ್ತಿರ ಇದೆ.”

“ಬಾಯಿಮಾತು ಬೇಡ. ತಂದು ತೋರಿಸಿ.”

ಮೇಷ್ಟ್ರು ಆ ಪತ್ರಗಳನ್ನು ಹೆಂಡತಿಗೂ ಮುಟ್ಟಗೊಟ್ಟವರಲ್ಲ.  ಆದರೂ ಮನೆಗೆ ಓಡಿ, ಫೈಲನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ನಿಂತೇ ವಾಪಸ್ ಬಂದರು.

ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮೂರೂ ಪತ್ರ ಹರಡಿಕೊಂಡು ಅವರು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದರು. ತಮ್ಮನ ಮೇಲೆ ಬರೆದದ್ದನ್ನು ಅವಳು ಎರಡನೇ ಸಲ ಓದಿಸಿಕೊಂಡಳು. ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು, ಅಪ್ಪನ ಪತ್ರವನ್ನು ಮಡಿಸಿದಳು.

“ಇದು ನಮ್ಮನೇಲೇ ಇರ್ಲಿ ಮೇಷ್ಟ್ರೇ. ಮಾತಿಗೆ ತಪ್ಪಿದೆ. ಬೇಜಾರಾಯ್ತಾ?”

“ಆಯ್ತು,” ಅಂದರು ಮೇಷ್ಟ್ರು.

ಅವಳಿಗೆ ನಗು ಬಂದುಬಿಟ್ಟಿತು. ಕುರ್ಚಿ ಎಳೆದುಕೊಟ್ಟಳು. ಮೇಷ್ಟ್ರು ಕೂತು, ಉಳಿದೆರಡು ಪತ್ರಗಳನ್ನು ಒಂದೊಂದಾಗಿ ಫೈಲಿಗೆ ಸೇರಿಸಿದರು.