ನಿಂತೇ ಕೇಳಿದ ಪಾಠ

ಪ್ರೊಫೆಸರ್ ಬೆಂಜಮಿನ್ ತರಗತಿಯೊಳಗೆ ಕಾಲಿಟ್ಟದ್ದೇ ತಡ, ನಲವತ್ತೆರಡು ಮಂದಿ ಒಟ್ಟಿಗೆ ಎದ್ದು ನಿಂತರು. ಪ್ರೊಫೆಸರರ ಎದೆ ಧಸಕ್ಕೆಂದಿತು. ಅವರ ದೇಶವಾದ ನಾರ್ವೆಯಲ್ಲಿ ವಿದ್ಯಾರ್ಥಿಗಳು ಎದ್ದು ನಿಲ್ಲುತ್ತಿದ್ದುದು ಒಂದೇ ಕಾರಣಕ್ಕೆ, ಹೊರಗೆ ಹೋಗುವುದಕ್ಕೆ. ಆದರೂ ಅಲ್ಲಿಯವರು ಹತ್ತು ನಿಮಿಷವಾದರೂ ಕೂತು, ನೋಡಿ, ಆಮೇಲೆ ಹೊರಡುತ್ತಿದ್ದರು. ಇಲ್ಲಿ ಬಾಯಿ ತೆರೆಯುವ ಮೊದಲೇ!

ಹಿಡಿದ ಮೀನನ್ನು ಕೆಡದಂತೆ ಐಸಿನಲ್ಲಿಡುವುದು ಅವರ ವಿಷಯ. ಇಪ್ಪತ್ತಾರು ವರ್ಷ ಅದನ್ನೇ ಅರೆದು ಕುಡಿದವರು. ಐಸಿನ ಗುಣ ಪಾಠಕ್ಕೂ ಬಂದಿದೆ ಎಂದು ಸ್ವಂತ ಹೆಂಡತಿಯೇ ಹಂಗಿಸುತ್ತಿದ್ದಳು. ಅವಳದ್ದೇನೂ ಸುಳ್ಳಲ್ಲ. ಕಳೆದ ವರ್ಷವಿಡೀ ಒಬ್ಬ ವಿದ್ಯಾರ್ಥಿಯೂ ಅವರನ್ನು ಒಂದು ಪ್ರಶ್ನೆ ಕೇಳಿರಲಿಲ್ಲ. ಹಾಗಾಗಿ ಮಣಿಪಾಲದಾಚೆಯ ಈ ಮೀನುಗಾರಿಕೆ ಕಾಲೇಜಿನಿಂದ ಆರು ವಾರ ಪಾಠ ಮಾಡಲು ಕರೆ ಬಂದಾಗ ಒಂದು ನಿರ್ಧಾರ ಮಾಡಿಯೇ ವಿಮಾನ ಹತ್ತಿದ್ದರು. ಮೊದಲ ದಿನ ಒಂದಾದರೂ ಪ್ರಶ್ನೆ ಬರಬೇಕು. ಬಾರದಿದ್ದರೆ ಪಾಠ ಮಾಡುವ ಕೆಲಸಕ್ಕೇ ಕೈಮುಗಿದುಬಿಡುವುದು.

ಈಗ ಹೊರಟು ನಿಂತವರನ್ನು ತಡೆಯುವುದು ಹೇಗೆ? ಮಾತಿನ ಮಧ್ಯೆ ಬಿಡುವು ಸಿಕ್ಕಿದರೆ ತಾನೇ ಹೋಗುವುದು ಎಂದುಕೊಂಡು, ನಮಸ್ಕಾರವನ್ನೂ ನುಂಗಿ, ಒಂದೇ ಉಸಿರಿಗೆ ಇಂಗ್ಲಿಷಿನಲ್ಲಿ ಶುರುಮಾಡಿದರು. ಮೀನಿನ ರಕ್ತ, ಬ್ಯಾಕ್ಟೀರಿಯಾ, ಹತ್ತು ಕಿಲೋ ಮೀನಿಗೆ ಮೂರು ಕಿಲೋ ಐಸ್, ಎಲ್ಲ ಒಂದರ ಬೆನ್ನಿಗೆ ಒಂದು. ಹತ್ತು ನಿಮಿಷವಾಯಿತು, ಯಾರೂ ಕದಲಲಿಲ್ಲ. ಇಪ್ಪತ್ತಾಯಿತು. ಬಾಗಿಲ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ.

ಪ್ರೊಫೆಸರರಿಗೆ ನಿಧಾನವಾಗಿ ಕೊಂಬು ಮೂಡತೊಡಗಿತು. ಇವರು ಹೋಗಲು ನಿಂತವರಲ್ಲ, ಕೇಳಲು ನಿಂತವರು! ಕೂತರೆ ಒಂದು ಮಾತು ತಪ್ಪಿಹೋದೀತು ಎಂಬ ಆಸೆಬುರುಕರು! ಹಿಂದಿನ ಸಾಲಿನ ಹುಡುಗನೊಬ್ಬ ಕಾಲು ಬದಲಿಸಿದ್ದು ಕೂಡ ಅವರಿಗೆ ಜ್ಞಾನದಾಹದ ಚಡಪಡಿಕೆಯಾಗಿ ಕಂಡಿತು. ರಾತ್ರಿ ಹೆಂಡತಿಗೆ ಏನು ಬರೆಯಬೇಕೆಂದು ಪಾಠದ ನಡುವೆಯೇ ಮನಸ್ಸಿನಲ್ಲಿ ಎರಡು ವಾಕ್ಯ ಬರೆದೂ ಆಯಿತು. ಮೂವತ್ತೈದನೆಯ ನಿಮಿಷಕ್ಕೆ ಧೈರ್ಯ ಮಾಡಿ ನಿಲ್ಲಿಸಿದರು.

"ಏನಾದರೂ ಪ್ರಶ್ನೆ?"

ಮುಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಇದಕ್ಕಾಗಿಯೇ ಅಲ್ಲವೇ ಏಳು ಸಮುದ್ರ ದಾಟಿ ಬಂದದ್ದು!

"ಕೇಳಮ್ಮಾ, ಕೇಳು."

"ಸರ್, ನಾವು ಕೂತುಕೊಳ್ಳಬಹುದಾ?"

ಇಂಗ್ಲಿಷಿನಲ್ಲಿ ಹಾಗೆ ಕೇಳಿದವಳು ಹರ್ಷಿಣಿ, ಮಲ್ಪೆಯ ಮೀನು ವ್ಯಾಪಾರದವರ ಮಗಳು. ಹೊರದೇಶದಿಂದ ಬಂದವರು, ಅವರು ಹೇಳದೆ ಯಾರೂ ಕೂರಬಾರದು ಎಂದು ಪ್ರಾಂಶುಪಾಲೆ ರತ್ನಾವತಿ ಮೇಡಂ ಬೆಳಿಗ್ಗೆಯೇ ಕಟ್ಟಪ್ಪಣೆ ಮಾಡಿದ್ದರಂತೆ. "ನಮ್ಮಿಂದ ಎಂತ ತಪ್ಪಾಯಿತು ಅಂತ ಗೊತ್ತಾಗಲಿಲ್ಲ ಸರ್," ಎಂದಳು ಅವಳು, ಕಣ್ಣು ಕೆಳಗೆ ಮಾಡಿ.

ಪ್ರೊಫೆಸರರ ಕಿವಿ ಬೇಯಿಸಿದ ಸಿಗಡಿಯಷ್ಟು ಕೆಂಪಾಯಿತು. ಎರಡೂ ಕೈಯಲ್ಲಿ ಕೂರಿ ಕೂರಿ ಎಂದರು. ಬೆಂಚುಗಳ ಸದ್ದಿನೊಂದಿಗೆ ನಲವತ್ತೆರಡು ನಿಟ್ಟುಸಿರುಗಳೂ ಕೇಳಿಬಂದವು. ಇನ್ನು ಮುಚ್ಚಿಡುವುದಕ್ಕೆ ಉಳಿದದ್ದಾದರೂ ಏನು? ತಮ್ಮ ಊರಿನ ಖಾಲಿ ತರಗತಿ, ಬಾರದ ಪ್ರಶ್ನೆ, ಈಗಷ್ಟೇ ಮೂಡಿ ಮುರಿದುಬಿದ್ದ ಕೊಂಬು, ಎಲ್ಲವನ್ನೂ ಹೇಳಿಬಿಟ್ಟರು. ಹುಡುಗರು ಮೊದಲು ಬಾಯಿಗೆ ಕೈ ಅಡ್ಡ ಹಿಡಿದು, ಆಮೇಲೆ ಕೈ ತೆಗೆದು ನಕ್ಕರು. ಪ್ರೊಫೆಸರರೂ ನಕ್ಕರು, ಆದರೆ ಒಳಗೆ ಬೇಸರವಿತ್ತು. ಬಂದ ಒಂದೇ ಪ್ರಶ್ನೆ ಐಸಿನದ್ದಲ್ಲ, ಕಾಲುನೋವಿನದ್ದು.

ಅಷ್ಟರಲ್ಲಿ ಹರ್ಷಿಣಿಯ ಕೈ ಮತ್ತೆ ಮೇಲೆದ್ದಿತು.

"ಸರ್, ಹತ್ತು ಕಿಲೋ ಮೀನಿಗೆ ಮೂರು ಕಿಲೋ ಐಸ್ ಹಾಕಿದರೆ ನಮ್ಮ ಲಾರಿ ಇಲ್ಲೇ ಹತ್ತಿರದ ಕಾಪು ದಾಟುವಾಗ ಬಾಕ್ಸಿನಲ್ಲಿ ನೀರು ಮಾತ್ರ ಇರುತ್ತದೆ. ನನ್ನ ಅಮ್ಮ ಹತ್ತಕ್ಕೆ ಹತ್ತು ಹಾಕುತ್ತಾರೆ. ನೀವು ಕೈಯಾರೆ ಬಾಕ್ಸ್ ತುಂಬಿಸಿದ್ದುಂಟಾ?"

ಇಪ್ಪತ್ತಾರು ವರ್ಷ, ನಲವತ್ತು ಪ್ರಬಂಧ, ಒಂದು ಚಿನ್ನದ ಪದಕ. ಪ್ರೊಫೆಸರರು ಯೋಚಿಸಿ ನೋಡಿದರು.

"ಇಲ್ಲ," ಎಂದರು. ಹಾಗೆ ಹೇಳುವಾಗ ಅವರಿಗಾದ ಸಂತೋಷ ಪದಕ ಸಿಕ್ಕಿದಾಗಲೂ ಆಗಿರಲಿಲ್ಲ. ಪಾಠ ಮುಗಿದ ಮೇಲೆ ಹರ್ಷಿಣಿಯ ಮೊದಲ ಪ್ರಶ್ನೆಯನ್ನು ಕನ್ನಡದಲ್ಲಿ ಹೇಗೆ ಹೇಳುವುದೆಂದು ಅವಳನ್ನೇ ಕೇಳಿ, ಪುಸ್ತಕದಲ್ಲಿ ಬರೆದುಕೊಂಡರು.

ಮರುದಿನ ಬೆಳಿಗ್ಗೆ ಆರಕ್ಕೆ ಅವರು ಮಲ್ಪೆ ಬಂದರಿನಲ್ಲಿದ್ದರು. ಹರ್ಷಿಣಿಯ ಅಮ್ಮ ಸುಂದರಿ ಅವರನ್ನು ಮೇಲಿಂದ ಕೆಳಗೆ ನೋಡಿ, ಕೈಗೆ ಸಲಿಕೆ ಕೊಟ್ಟರು. ಪುಡಿ ಮಾಡಿದ ಐಸ್ ಒಂದು ಪದರ, ಬಂಗುಡೆ ಮೀನು ಒಂದು ಪದರ. ಪ್ರೊಫೆಸರರು ತುಂಬಿಸಿದ ಮೊದಲ ಬಾಕ್ಸನ್ನು ಸುಂದರಿ ಹಾಗೇ ಸುರಿದುಬಿಟ್ಟರು. ಎರಡನೆಯದನ್ನೂ ಸುರಿದರು. ಮೂರನೆಯದನ್ನು ಕೈಯಿಂದ ಒತ್ತಿ ನೋಡಿ, ಲಾರಿಗೆ ಹಾಕಿಸಿದರು.

ಎಂಟು ಗಂಟೆಯಾಯಿತು. ಬೆರಳುಗಳಿಗೆ ಸ್ಪರ್ಶವೇ ಇರಲಿಲ್ಲ, ಸೊಂಟ ಬಿದ್ದುಹೋಗಿತ್ತು. ಪಕ್ಕದಲ್ಲೇ ಬೋರಲು ಹಾಕಿದ ಖಾಲಿ ಬಾಕ್ಸೊಂದು ಕಾಣುತ್ತಿತ್ತು. ಪ್ರೊಫೆಸರರು ಸಲಿಕೆ ಬಿಟ್ಟು, ಮೆಲ್ಲಗೆ ಕೈ ಎತ್ತಿದರು.

"ಎಂತ ಸರ್?" ಎಂದರು ಸುಂದರಿ.

ತಮಗೆ ಬರುತ್ತಿದ್ದ ಒಂದೇ ಕನ್ನಡ ವಾಕ್ಯವನ್ನು ಅವರು ಬಿಡಿಸಿ ಬಿಡಿಸಿ ಹೇಳಿದರು.

"ನಾನು ಕೂತುಕೊಳ್ಳಬಹುದಾ?"

ಸುಂದರಿ ಲಾರಿಯನ್ನು ನೋಡಿದರು, ಅವರನ್ನು ನೋಡಿದರು.

"ಇನ್ನು ನಾಲ್ಕು ಬಾಕ್ಸ್ ಉಂಟಲ್ಲ ಮಾರಾಯ್ರೆ," ಎಂದರು.